ಕಾರಿನ ಹುಣ್ಣಿವೆ

ಕಾರ ಹುಣ್ಣಿವೆ ನಮ್ಮ ಕಡೆಗೆ ಎತ್ತುಗಳ ಹಬ್ಬ. ಜ್ಯೇಷ್ಠ ಮಾಸದ ಹುಣ್ಣಿವೆಯ ದಿನ ಎತ್ತುಗಳನ್ನು ಹೊಳೆಗೆ ಒಯ್ದು ಮೈ ತೊಳೆದು, ಕೊಂಬು ಹೆರೆದು, ಹುರಮಂಜು ಬಳಿದು, ಕೊಂಬಿನ ತುದಿಗೆ ಹಿತ್ತಾಳೆಯ ಕೋಡಣಸು ಸಿಕ್ಕಿಸಿ, ಸಂಜೆ ಅಗಸಿಯ ಮುಂದೆ ಕರಿ ಹರಿಯುತ್ತಾರೆ. ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಬೆಳೆ, ಕೆಂದೆತ್ತು ಮುಂದೆ ಬಂದರೆ ಮುಂಗಾರಿ ಬೆಳೆ ಚೆನ್ನಾಗಿ ಬರುತ್ತದೆಂಬುದು ಹಿರಿಯರ ನಂಬಿಕೆ. ಕೃಷ್ಣೆಯ ದಂಡೆಯ ಮೇಲಿನ ಗಲಗಲಿಯಲ್ಲಿ ನಾನು ಬೆಳೆಯುವಾಗ ನಮ್ಮ ಮನೆಯ ಮಟ್ಟಿಗೆ ಈ ಹಬ್ಬಕ್ಕೆ ಇನ್ನೊಂದು ವಿಧಿಯೂ ಇತ್ತು. ಎತ್ತುಗಳ ಸಿಂಗಾರ ಮುಗಿದ ಮೇಲೆ ಅಪ್ಪ ತನ್ನ ಫಿಯಟ್ ಕಾರನ್ನು ತೊಳೆಯಲು ನಿಲ್ಲುತ್ತಿದ್ದ. ಆ ಕಾರಿನ ಮುಂದಿನ ಬಂಪರಿನ ಮೇಲೆ ಎರಡು ಗಿಡ್ಡ ಉಬ್ಬುಗಳಿದ್ದವು. ನಾವು ಮಕ್ಕಳು ಅವುಗಳನ್ನು ಕೊಂಬು ಎಂದೇ ಕರೆಯುತ್ತಿದ್ದೆವು. ಅಪ್ಪ ಆ ಕೊಂಬುಗಳಿಗೂ ಹುರಮಂಜಿನ ಒಂದೊಂದು ಬೊಟ್ಟು ಇಡುತ್ತಿದ್ದ. ಓಣಿಯವರು ನಕ್ಕು, “ಇವತ್ತ ಗೌಡ್ರ ಮನ್ಯಾಗ ಕಾರಿನ ಹುಣ್ಣಿವಿ” ಎನ್ನುತ್ತಿದ್ದರು.

ಆ ಬಂಪರಿನ ಎಡತುದಿ ಸೊಟ್ಟಗಿತ್ತು. ಅಂಚಿನಲ್ಲಿ ಉದ್ದುದ್ದ ಗೀರುಗಳಿದ್ದವು. ಅದರ ಹಿಂದೆ ಒಂದು ಕಥೆಯಿತ್ತು. ಆ ಕಥೆಯನ್ನು ನಾನು ನಲವತ್ತು ವರ್ಷ ನಂಬಿದೆ. ಇತಿಹಾಸ ಕಲಿಸುವ ಶಿಕ್ಷಕಿಯಾಗಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅದನ್ನೇ ತರಗತಿಯಲ್ಲಿ ಹೇಳಿದೆ. ಆ ಕಥೆ ಸುಳ್ಳೆಂದು ತಿಳಿದದ್ದು ಬಂಪರಿಗೆ ಹೊಸ ಹೊಳಪು ಕೊಡಿಸಲು ಹೋದಾಗ.

ಕಥೆ ಹೀಗಿತ್ತು. 1979ರ ಮಳೆಗಾಲ. ತೋಟದ ಮನೆಯಲ್ಲಿದ್ದ ಅವ್ವನಿಗೆ ರಾತ್ರಿ ಹೆರಿಗೆ ನೋವು ಕಾಣಿಸಿತು. ಸೂಲಗಿತ್ತಿ, “ಕೂಸು ಅಡ್ಡ ಐತಿ, ದವಾಖಾನಿಗೆ ಒಯ್ರಿ” ಎಂದಳು. ಅಪ್ಪ ಅವ್ವನನ್ನು ಫಿಯಟ್ಟಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಜಮಖಂಡಿಯ ಕಡೆಗೆ ಹೊರಟ. ಕತ್ತಲಲ್ಲಿ ದೀಪವಿಲ್ಲದ ಒಂದು ಕಬ್ಬಿನ ಚಕ್ಕಡಿ ಎದುರಾಯಿತು. ಬಂಪರು ಚಕ್ಕಡಿಗೆ ತಾಗಿತು. ಅಪ್ಪ ನಿಲ್ಲಿಸಲಿಲ್ಲ. ದವಾಖಾನೆ ಮುಟ್ಟಿದ, ಬೆಳಗಿನ ಜಾವ ನನ್ನ ತಮ್ಮ ಹುಟ್ಟಿದ. “ಈ ಸೊಟ್ಟ ಬಂಪರ್ ನಿನ್ನ ಜಾತಕ” ಎಂದು ಅಪ್ಪ ತಮ್ಮನಿಗೆ ಹೇಳುತ್ತಿದ್ದ. ಮಕ್ಕಳಿಗೆ ‘ಆಕರಗಳು’ ಎಂಬ ಪಾಠ ಮಾಡುವಾಗ ಶಾಸನ, ನಾಣ್ಯ, ಕಟ್ಟಡಗಳ ಜೊತೆಗೆ ನಾನು ಈ ಬಂಪರನ್ನೂ ಸೇರಿಸುತ್ತಿದ್ದೆ. ಮನೆಯ ಹಳೆಯ ವಸ್ತುವೂ ಇತಿಹಾಸಕ್ಕೆ ಸಾಕ್ಷಿ ನುಡಿಯುತ್ತದೆ ಎಂದು ತೋರಿಸುವುದು ನನ್ನ ಉದ್ದೇಶವಾಗಿತ್ತು.

ಈ ಕಾರು ನಮ್ಮ ಮನೆಗೆ ಬಂದ ದಾರಿಯೂ ದೊಡ್ಡದು. 1968ರಲ್ಲಿ ನೋಂದಣಿಯಾದ ಫಿಯಟ್ 1100 ಡಿಲೈಟ್ ಅದು. ಬೆಲ್ಲದ ವ್ಯಾಪಾರ ಮಾಡುತ್ತಿದ್ದ ಅಪ್ಪ ಅದನ್ನು 1977ರಲ್ಲಿ ವಿಜಾಪುರದ ಒಬ್ಬ ವಕೀಲರಿಂದ ಕೊಂಡ. ಹೆಸರು ಇಟಲಿಯದಾದರೂ ಕಾರು ತಯಾರಾದದ್ದು ಮುಂಬಯಿಯ ಕುರ್ಲಾದಲ್ಲಿ. ಆ ಕಾರ್ಖಾನೆ ಕಟ್ಟಿದ ವಾಲಚಂದ ಹೀರಾಚಂದರು ನಮಗೆ ದೂರದವರಲ್ಲ. ಅವರು 1882ರಲ್ಲಿ ಹುಟ್ಟಿದ್ದು ನಮ್ಮ ನೆರೆಯ ಸೊಲ್ಲಾಪುರದಲ್ಲಿ. ನಮ್ಮ ದೇಶದಲ್ಲೇ ಕಾರು ತಯಾರಾಗಬೇಕೆಂಬ ಕನಸನ್ನು ಅವರಷ್ಟೇ ಹಟದಿಂದ ಕಂಡವರು ಸರ್ ಎಂ. ವಿಶ್ವೇಶ್ವರಯ್ಯನವರು. ದಿವಾನಗಿರಿ ಬಿಟ್ಟು ಹದಿನೇಳು ವರ್ಷಗಳಾದ ಮೇಲೆ, 1935ರಲ್ಲಿ, ಅವರು ಯುರೋಪ್ ಮತ್ತು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆಯೊಂದನ್ನು ಸಿದ್ಧಪಡಿಸಿದರು. ಆಗಿನ ಬ್ರಿಟಿಷ್ ಸರಕಾರಕ್ಕೆ ಅದು ಬೇಕಿರಲಿಲ್ಲ. ವಾಲಚಂದರು 1940ರಲ್ಲಿ ಮೈಸೂರು ಸರಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಬಿರ್ಲಾರವರ ಹಿಂದುಸ್ತಾನ್ ಮೋಟರ್ಸ್ ಅದಕ್ಕೆ ಎರಡು ವರ್ಷ ಮೊದಲೇ ಹುಟ್ಟಿತ್ತು. ಇಲ್ಲಿ ಬಿಡಿಭಾಗ ಜೋಡಿಸುವುದಷ್ಟೇ ಅಲ್ಲ, ತಯಾರಿಸಲೂ ಒಪ್ಪುವ ಕಂಪನಿಗಳು ಮಾತ್ರ ಉಳಿಯಲಿ ಎಂದು 1953ರಲ್ಲಿ ಸ್ವತಂತ್ರ ಭಾರತದ ಸರಕಾರ ನಿರ್ಧರಿಸಿದ ಮೇಲೆ ಫೋರ್ಡ್, ಜನರಲ್ ಮೋಟರ್ಸ್‌ನಂಥ ವಿದೇಶಿ ಕಂಪನಿಗಳು ಗಂಟುಮೂಟೆ ಕಟ್ಟಿದವು.

ಹೀಗೆ ಮೂರು ದಶಕಗಳ ಕಾಲ ನಮ್ಮ ರಸ್ತೆಗಳ ಮೇಲೆ ಕಾರೆಂದರೆ ಮುಖ್ಯವಾಗಿ ಅಂಬಾಸಡರ್ ಮತ್ತು ಫಿಯಟ್. ಬೆನ್ನು ದುಂಡಗಿದ್ದ ಹಳೆಯ ಫಿಯಟ್ಟಿಗೆ ಮರಾಠಿಯವರು ‘ಡುಕ್ಕರ್ ಫಿಯಟ್’, ಅಂದರೆ ಹಂದಿ ಫಿಯಟ್, ಎಂದು ಹೆಸರಿಟ್ಟಿದ್ದರು. 1964ರಲ್ಲಿ ಬಂದ ಡಿಲೈಟ್ ಮೂಲೆಮೂಲೆಯಾಗಿ, ಸೊಗಸಾಗಿತ್ತು. ಸ್ಟೀರಿಂಗಿನ ಪಕ್ಕದಲ್ಲೇ ಗೇರು, 1089 ಸಿ.ಸಿ.ಯ ಎಂಜಿನ್ನು. ಅದೇ ಕಾರು 1974ರಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. ಹೊಸ ಕಾರು ಬೇಕೆಂದರೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಆದ್ದರಿಂದ ಕಾರು ಕೊಂಡವನು ಅದನ್ನು ಸಾಯುವತನಕ ರಿಪೇರಿ ಮಾಡುತ್ತಿದ್ದ. ಬಂಪರು ನೆಗ್ಗಿದರೆ ಬಡಿದು ನೆಟ್ಟಗೆ ಮಾಡಿಸುವುದು, ತುಕ್ಕು ಹಿಡಿದರೆ ತಿಕ್ಕುವುದು, ಬೀಡಿಂಗ್ ಕಿತ್ತುಬಂದರೆ ತಂತಿಯಿಂದ ಕಟ್ಟುವುದು. ಬದಲಿಸುವುದೆಂಬ ಮಾತು ನಮ್ಮ ಹಳ್ಳಿಗಳ ಗ್ಯಾರೇಜುಗಳಲ್ಲಿ ಕೇಳಿಬರುತ್ತಲೇ ಇರಲಿಲ್ಲ.

ನಮ್ಮ ನೆಲವಂತೂ ಕಾರಿನ ಮೈಗೆ ಬಹಳ ಕೆಟ್ಟದ್ದು. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಅಂಟುವ ಎರೆಮಣ್ಣು. ಗಾಡಿದಾರಿಯ ಎರಡೂ ಕಡೆ ಬಳ್ಳಾರಿ ಜಾಲಿಯ ಮುಳ್ಳು. ಕಬ್ಬಿನ ಸೀಜನ್ನಿನಲ್ಲಿ ರಸ್ತೆಯ ತುಂಬ ಲೋಡು ಹೊತ್ತ ಗಾಡಿಗಳು. ಅವುಗಳ ಪಕ್ಕ ನುಸುಳಿ ಹೋದ ಕಾರಿಗೆ ಕಬ್ಬಿನ ತುದಿಗಳು ಗೀಚದೆ ಬಿಡುವುದಿಲ್ಲ. ಅಪ್ಪನ ಬಳಿ ಇದಕ್ಕೊಂದು ಉಪಾಯವಿತ್ತು. ತಾನು ಸೇದದಿದ್ದರೂ ಪಾನಪಟ್ಟಿಯಂಗಡಿಯಿಂದ ಸಿಗರೇಟು ಪಾಕೀಟಿನ ಬೇಗಡೆ ಕೂಡಿಸಿಕೊಂಡು ಬರುತ್ತಿದ್ದ. ಅದನ್ನು ಮುದ್ದೆ ಮಾಡಿ ನೀರಿನಲ್ಲಿ ಅದ್ದಿ ಬಂಪರಿನ ತುಕ್ಕಿನ ಚುಕ್ಕೆಗಳನ್ನು ಮೆಲ್ಲಗೆ ತಿಕ್ಕಿದರೆ ಚುಕ್ಕೆ ಹೋಗುತ್ತಿತ್ತು, ಹೊಳಪಿಗೆ ಗೀರು ಬೀಳುತ್ತಿರಲಿಲ್ಲ. ಅಲ್ಯುಮಿನಿಯಮ್ ಬೇಗಡೆ ಕ್ರೋಮಿಯಮ್‌ಗಿಂತ ಮೆತ್ತಗೆ ಎಂಬುದು ಅದರ ಗುಟ್ಟು. ಕೊನೆಗೆ ಒಂದು ಹನಿ ಎಣ್ಣೆ ಹಚ್ಚಿ ಒರೆಸುತ್ತಿದ್ದ. “ಹೊಳಪು ಅಂದ್ರ ಏನಪಾ?” ಎಂದು ನಾನೊಮ್ಮೆ ಕೇಳಿದಾಗ, “ಕಬ್ಬಿಣಕ್ಕ ಮಾಡಿದ ಕಲಾಯಿ” ಎಂದಿದ್ದ. ಹಿತ್ತಾಳೆಯ ಪಾತ್ರೆಗೆ ತವರದ ಕಲಾಯಿ ಹಾಕುವವನು ವರ್ಷಕ್ಕೊಮ್ಮೆ ನಮ್ಮ ಓಣಿಗೆ ಬಂದು ತಿದಿ ಹೂಡುತ್ತಿದ್ದುದರಿಂದ ನನಗೆ ಆ ಮಾತು ಕೂಡಲೇ ತಿಳಿಯಿತು.

ಬಂಪರಿನ ಕಾಲವೂ ಬದಲಾಯಿತು. 1972ರಲ್ಲಿ ಫ್ರಾನ್ಸಿನ ರೆನೊ ಕಂಪನಿ ತನ್ನ ‘ರೆನೊ 5’ ಕಾರಿಗೆ ಪ್ಲಾಸ್ಟಿಕ್ ಬಂಪರ್ ಕೂಡಿಸಿ ದಾರಿ ತೋರಿಸಿತು. ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ಮಾರುತಿ ಬಂತು. 1986ರ ಹೊಸ ಮಾದರಿಯ ಮಾರುತಿ 800 ಊರೂರು ಹೊಕ್ಕಂತೆ ಕಪ್ಪು ಪ್ಲಾಸ್ಟಿಕ್ ಬಂಪರು ನಮ್ಮ ಕಣ್ಣಿಗೆ ರೂಢಿಯಾಯಿತು. ಪದ್ಮಿನಿ ಈ ಶತಮಾನದ ಹೊಸ್ತಿಲಲ್ಲೇ ನಿಂತಿತು. ಅಂಬಾಸಡರ್ 2014ರ ಮೇ ತಿಂಗಳಲ್ಲಿ ನಿಂತಿತು. ಅದೇ ವರ್ಷದ ಜನವರಿಯಲ್ಲಿ ಮಾರುತಿ 800 ಕೂಡ ನಿಂತಿತ್ತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಗಳು ರಸ್ತೆ ಬಿಟ್ಟದ್ದು 2023ರ ಅಕ್ಟೋಬರ್ ಕೊನೆಯಲ್ಲಿ.

ನಾನು 2004ರಲ್ಲಿ ಕೊಂಡ ಮಾರುತಿ 800 ಇನ್ನೂ ನನ್ನ ಹತ್ತಿರವಿದೆ. ಅದರ ಕಪ್ಪು ಬಂಪರು ನಮ್ಮ ಬಿಸಿಲಿಗೆ ಹತ್ತು ವರ್ಷದಲ್ಲಿ ಬೂದಿ ಬಣ್ಣಕ್ಕೆ ತಿರುಗಿತು. ಬಿಸಿಲಿನ ಅತಿನೇರಳೆ ಕಿರಣ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಒಡೆದು ಸುಣ್ಣದಂತೆ ಪುಡಿ ಮಾಡುವುದರಿಂದ ಹೀಗಾಗುತ್ತದೆ. ಬಣ್ಣದ ಮೈಗೆ ಹಾಕುವ ಪಾಲಿಷ್ ಇದಕ್ಕೆ ಹಚ್ಚಿದರೆ ಸಂದುಗಳಲ್ಲಿ ಬಿಳಿ ಕೂತು ಇನ್ನೂ ಅಸಹ್ಯವಾಗುತ್ತದೆ. ಇದಕ್ಕೆ ನಮ್ಮ ಹೊಲದಲ್ಲೇ ಮದ್ದಿದೆ. ಸಾಬೂನಿನಿಂದ ತೊಳೆದು ಪೂರ್ತಿ ಒಣಗಿಸಿ, ಬೇಯಿಸಿದ ಅಗಸಿ ಎಣ್ಣೆಯನ್ನು ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿ ತೆಗೆದರೆ ಕೆಲವು ತಿಂಗಳು ಕಪ್ಪು ಮರಳುತ್ತದೆ. ಅಗಸಿ, ಕುಸುಬಿಗಳದು ಗಾಳಿಗೆ ಒಣಗಿ ಪೊರೆ ಕಟ್ಟುವ ಎಣ್ಣೆ. ಆದರೆ ಒಂದು ಎಚ್ಚರ ಬೇಕು. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುವಾಗ ಅದು ತಾನೇ ಕಾದು ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಒಣಗಹಾಕಬೇಕು, ಇಲ್ಲವೇ ನೀರಿನಲ್ಲಿ ನೆನೆಹಾಕಬೇಕು. ಆಳವಾದ ಗೀರಿಗೆ ಮಾತ್ರ ಎಣ್ಣೆ ಸಾಲದು. ನುಣುಪು ವಾಟರ್ ಪೇಪರಿನಿಂದ ತಿಕ್ಕಿ, ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರ್ ಹಾಕಿ ಬಣ್ಣ ಹೊಡೆಯಬೇಕು. ಪ್ರೈಮರ್ ಇಲ್ಲದ ಬಣ್ಣ ಉಳ್ಳಾಗಡ್ಡಿಯ ಸಿಪ್ಪೆಯಂತೆ ಏಳುತ್ತದೆ.

ಉಕ್ಕಿನ ಬಂಪರಿನ ಆರೈಕೆ ಬೇರೆ, ಅದು ಕೆಟ್ಟರೆ ಮನೆಮದ್ದಿಗೆ ಬಗ್ಗುವುದಿಲ್ಲ. ಅಪ್ಪ 2011ರಲ್ಲಿ ತೀರಿಕೊಂಡ ಮೇಲೆ ಫಿಯಟ್ ತಮ್ಮನ ಪಾಲಿಗೆ ಬಂತು. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳನ್ನು ‘ವಿಂಟೇಜ್’ ಎಂದು ಬೇರೆಯಾಗಿ ನೋಂದಾಯಿಸುವ ನಿಯಮವನ್ನು ಕೇಂದ್ರ ಸರಕಾರ 2021ರಲ್ಲಿ ತಂದಿತು. ಅಂಥ ಗಾಡಿಯ ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಅದನ್ನು ಪ್ರದರ್ಶನ, ರ್‍ಯಾಲಿ, ರಿಪೇರಿಗಳಂಥ ಕೆಲಸಕ್ಕಷ್ಟೇ ರಸ್ತೆಗೆ ಇಳಿಸಬಹುದು. ಧರ್ಮಸ್ಥಳದಲ್ಲಿ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳನ್ನು ನೋಡಿ ಬಂದಾಗಿನಿಂದ ತಮ್ಮನಿಗೆ ಇದೇ ಗುಂಗು. ಕಾರನ್ನು ಹೊಸದರಂತೆ ಮಾಡಬೇಕೆಂದು ಒಂದು ತೊಳೆಯುವ ಅಂಗಡಿಗೆ ಕೊಟ್ಟ. ಅಲ್ಲಿಯ ಹುಡುಗ ಬಂಪರಿನ ತುಕ್ಕು ಬೇಗ ಹೋಗಲೆಂದು ಬಚ್ಚಲು ತಿಕ್ಕುವ ಆ್ಯಸಿಡ್ ಸುರಿದ. ತುಕ್ಕಿನ ಜೊತೆ ಕ್ರೋಮಿಯಮ್ಮೂ ಕರಗಿತು. ಅಪ್ಪ ಮೂವತ್ತು ವರ್ಷ ಬೇಗಡೆಯಿಂದ ಕಾಪಾಡಿದ್ದ ಹೊಳಪು ಅರ್ಧ ತಾಸಿನಲ್ಲಿ ಹೋಗಿ ಅಡಿಯ ಹಳದಿ ಛಾಯೆಯ ನಿಕ್ಕಲ್ ಕಾಣಿಸಿತು. ಒಂದು ಮಳೆಗಾಲ ಕಳೆಯುವುದರಲ್ಲಿ ಬಂಪರು ಇಡಿಯಾಗಿ ಕೆಂಪಾಯಿತು.

ಹೀಗಾಗಿ 2023ರ ಮೇ ತಿಂಗಳಿನ ರಜೆಯಲ್ಲಿ ತಮ್ಮನೂ ನಾನೂ ಬಂಪರು, ಗ್ರಿಲ್ಲು, ದೀಪದ ಬಳೆಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಹುಬ್ಬಳ್ಳಿಯ ಒಂದು ಪ್ಲೇಟಿಂಗ್ ಅಂಗಡಿಗೆ ಹೋದೆವು. ಮಿಸ್ತ್ರಿ ನನಗಿಂತ ಹಿರಿಯರು. ನಾನು ಶಿಕ್ಷಕಿಯೆಂದು ತಿಳಿದು ಸಮಾಧಾನದಿಂದ ಎಲ್ಲ ತೋರಿಸಿದರು. ಮೊದಲು ಹಳೆಯ ಲೇಪವನ್ನೆಲ್ಲ ತೆಗೆದು, ಉಕ್ಕನ್ನು ತಿರುಗುವ ಬಟ್ಟೆಯ ಗಾಲಿಗೆ ಹಿಡಿದು ಕನ್ನಡಿಯಾಗುವಂತೆ ಉಜ್ಜುತ್ತಾರೆ. ಆಮೇಲೆ ದ್ರಾವಣದ ತೊಟ್ಟಿಗಳಲ್ಲಿ ತೂಗುಹಾಕಿ ವಿದ್ಯುತ್ತು ಹರಿಸಿ ತಾಮ್ರ, ಅದರ ಮೇಲೆ ನಿಕ್ಕಲ್, ಕೊನೆಗೆ ಕೆಲವೇ ನಿಮಿಷ ಕ್ರೋಮಿಯಮ್. ನಮ್ಮ ಕಣ್ಣು ಕುಕ್ಕುವ ಆ ಕೊನೆಯ ಪೊರೆ ಒಂದು ಮೈಕ್ರಾನಿಗಿಂತ ತೆಳ್ಳಗೆ, ಅಂದರೆ ತಲೆಗೂದಲಿನ ದಪ್ಪದ ಐವತ್ತನೆಯ ಒಂದು ಪಾಲೂ ಇಲ್ಲ. ತುಕ್ಕನ್ನು ನಿಜವಾಗಿ ತಡೆಯುವುದು ಕೆಳಗಿನ ನಿಕ್ಕಲ್. ಬರಿಯ ನಿಕ್ಕಲ್ಲಿನ ಬಂಪರುಗಳಿದ್ದ ಕಾಲವೂ ಒಂದಿತ್ತು. ಅವು ಬೇಗ ಮಂಕಾಗುತ್ತವೆಂದು 1920ರ ದಶಕದ ಕೊನೆಯಿಂದ ಕಾರುಗಳಿಗೆ ಕ್ರೋಮಿಯಮ್ ಬಂತು. ಕ್ರೋಮಿಯಮ್ ತೊಟ್ಟಿಯ ನೀರು ಕೆಂಪು ಕಂದು ಬಣ್ಣದ್ದು. ಅದರಿಂದೇಳುವ ಹಬೆ ಕ್ಯಾನ್ಸರ್ ತರುವಂಥದ್ದು, ಆ ನೀರು ಚರಂಡಿಗೆ ಸೇರಿದರೆ ಅಂತರ್ಜಲವೇ ಕೆಡುತ್ತದೆ. “ಮೂಗಿಗೆ ಕಟ್ಟಿಕೊಳ್ಳದ ಯಾರನ್ನೂ ಈ ತೊಟ್ಟಿ ಹತ್ರ ಬಿಡೂದಿಲ್ರಿ” ಎಂದರು ಮಿಸ್ತ್ರಿ. ಹೊಳಪಿಗೆ ಬೆಲೆ ತೆರುವವರು ಕಾರಿನ ಯಜಮಾನರು ಮಾತ್ರವಲ್ಲ ಎಂದು ನನಗೆ ಆಗ ಹೊಳೆಯಿತು.

ಅವರು ನಮ್ಮ ಬಂಪರನ್ನು ಬೋರಲು ಹಾಕಿ ಒಳಮೈಯನ್ನು ನೋಡಿದರು. ಎಡತುದಿಯನ್ನು ಎಷ್ಟು ನೆಟ್ಟಗೆ ಮಾಡಬೇಕೆಂದು ಕೇಳಿದಾಗ ತಮ್ಮ ಹೆಮ್ಮೆಯಿಂದ ಚಕ್ಕಡಿಯ ಕಥೆ ಹೇಳಿದ. ಮಿಸ್ತ್ರಿ ಕೇಳಿ ತಲೆಯಾಡಿಸಿದರು. “ಇದು ಹೊಡದದ್ದಲ್ರಿ ಅಕ್ಕಾರ. ಜಗ್ಗಿದ್ದು.”

ನಾನು ಅರ್ಥವಾಗದೆ ನೋಡಿದೆ. ಅವರು ಬೆರಳಿಟ್ಟು ತೋರಿಸಿದರು. ಚಕ್ಕಡಿಗೆ ಡಿಕ್ಕಿ ಹೊಡೆದಿದ್ದರೆ ಬಂಪರು ಒಳಕ್ಕೆ ನೆಗ್ಗಬೇಕಿತ್ತು. ಇದು ಹೊರಕ್ಕೆ, ಸ್ವಲ್ಪ ಕೆಳಕ್ಕೆ ಬಾಗಿದೆ. ಬೋಲ್ಟಿನ ದುಂಡು ತೂತು ಮುಂದಕ್ಕೆ ಎಳೆದು ಉದ್ದವಾಗಿದೆ. ಅಂಚಿನ ಗೀರುಗಳು ಅಡ್ಡಡ್ಡ ಇಲ್ಲ, ಸುತ್ತಿ ಹೋಗಿವೆ. ಹಗ್ಗವನ್ನೋ ಸರಪಳಿಯನ್ನೋ ಕಟ್ಟಿ ಭಾರಿ ಬಲದಿಂದ ಎಳೆದ ಗುರುತು ಅದು. ನಾನು ಆ ಬಂಪರನ್ನು ಚಿಕ್ಕಂದಿನಿಂದ ನೋಡಿದ್ದೆ, ಅದರ ಫೋಟೋ ಮಕ್ಕಳಿಗೆ ತೋರಿಸಿದ್ದೆ. ಒಮ್ಮೆಯಾದರೂ ಅದು ಯಾವ ಕಡೆಗೆ ಬಾಗಿದೆ ಎಂದು ನೋಡಿರಲಿಲ್ಲ. ಕಥೆ ಮೊದಲೇ ಗೊತ್ತಿದ್ದುದರಿಂದ ನೋಡುವ ಅಗತ್ಯ ಬಿದ್ದಿರಲಿಲ್ಲ.

ಅಂದು ರಾತ್ರಿ ಊರು ಮುಟ್ಟಿದ ಮೇಲೆ ಅವ್ವನನ್ನು ಕೇಳಿದೆ. ಎಂಬತ್ತು ದಾಟಿದ ಅವ್ವ ಅಡಿಕೆ ಕತ್ತರಿಸುತ್ತ ಕುಳಿತಿದ್ದಳು. ಕೈ ನಿಲ್ಲಿಸದೆ ಹೇಳಿದಳು.

“ಚಕ್ಕಡಿ ಎಲ್ಲಿತ್ತವಾ? ಶ್ರಾವಣ ಮುಗದ ಹೊತ್ತಿನ್ಯಾಗ ಕಬ್ಬಿನ ಚಕ್ಕಡಿ ಯಾರ ಹೊಡೀತಾರ? ಕಾರ್ ನಮ್ಮ ಹೊಲದ ದಾರಿ ದಾಟಿರಲಿಲ್ಲ, ಎರಿಯಾಗ ಹೂತಿತ್ತ. ನಾ ಹಿಂದ ಬಿದ್ದ ಒದ್ದಾಡಾಕತ್ತಿದ್ದೆ. ನಿಮ್ಮಪ್ಪ ಕಂದೀಲ ಹಿಡಕೊಂಡ ಬದು ಹತ್ತಿ ನಿಂತ ಕೂಗಿದ. ಬಂದಾಂವ ಅಂವನ, ಬದುವಿನಾಚಿ ಹೊಲದಾಂವ. ಮಾತಿಲ್ಲ ಕತಿಯಿಲ್ಲ, ಎತ್ತ ಬಿಚ್ಚಿಕೊಂಡ ಬಂದ. ಹಗ್ಗಾ ಬಂಪರಿಗೆ ಬಿಗದ ಜಗ್ಗಿಸಿದ. ಎರಡ ಸಲ ಹಗ್ಗ ಹರೀತು. ಮೂರನೇ ಸಲಕ್ಕ ಗಾಡಿ ಮ್ಯಾಲ ಬಂತು, ಬಂಪರ್ ಸೊಟ್ಟಾತು. ನಿಮ್ಮಪ್ಪ ಗಾಡಿ ಹೊಡದ. ಅಂವ ಎತ್ತ ಹೊಡಕೊಂಡ ಹೋದ.”

ಕಬ್ಬು ಕಡಿಯುವುದು ದೀಪಾವಳಿಯ ಆಸುಪಾಸಿನಲ್ಲಿ ಶುರುವಾಗುತ್ತದೆ. ತಮ್ಮ ಹುಟ್ಟಿದ್ದು ಸೆಪ್ಟೆಂಬರಿನಲ್ಲಿ. ಇದೂ ನನ್ನ ಕಣ್ಣೆದುರಿಗೇ ಇದ್ದ ಸಾಕ್ಷಿ. ರೈತರ ಮನೆಯಲ್ಲಿ ಹುಟ್ಟಿದ ನನಗೆ ತಿಥಿವಾರ ಹೊಂದುವುದಿಲ್ಲವೆಂದು ತೋಚಿರಲಿಲ್ಲ.

ಬದುವಿನಾಚೆಯ ಆ ಮನುಷ್ಯನ ಜೊತೆ ನಮಗೆ ದಾವೆ ಇತ್ತು. ಬದುವಿನ ಪಕ್ಕದ ಎರಡು ಗುಂಟೆ ಯಾರದೆಂಬ ಜಗಳ. ಅಪ್ಪನೇ ಹೂಡಿದ ಕೇಸು. ಆ ರಾತ್ರಿಯ ಹೊತ್ತಿಗೆ ಕೋರ್ಟಿನ ಅಲೆದಾಟಕ್ಕೆ ನಾಲ್ಕು ವರ್ಷವಾಗಿತ್ತು. ಎರಡೂ ಮನೆಗಳ ನಡುವೆ ಮಾತಿರಲಿಲ್ಲ.

“ಹಂಗಾದ್ರ ಅಪ್ಪ ಯಾಕ ಹೇಳಲಿಲ್ಲ?” ಎಂದೆ.

“ಕೋರ್ಟಿನ್ಯಾಗ ಅವನ ಮ್ಯಾಲ ಕೇಸ್ ಇಟಗೊಂಡ ಹೆಂಗ ಹೇಳ್ತಾನ?”

“ನೀ ಯಾಕ ಹೇಳಲಿಲ್ಲ?”

ಅವ್ವ ಅಡಕತ್ತರಿ ಕೆಳಗಿಟ್ಟಳು. “ನನ್ನ ಯಾರ ಕೇಳಿದ್ರಿ?”

ಆ ದಾವೆಯನ್ನು ನಾವು 1991ರಲ್ಲಿ ಗೆದ್ದೆವು. ಅಂದು ಮನೆಯಲ್ಲಿ ಹೋಳಿಗೆ ಮಾಡಿದ್ದು ನನಗೆ ನೆನಪಿದೆ. ಅವ್ವ ಅಂದು ಉಂಡಿರಲಿಲ್ಲ ಎಂಬುದೂ ನೆನಪಿದೆ. ಹೊಟ್ಟೆ ಸರಿಯಿಲ್ಲ ಎಂದಿದ್ದಳು.

ನಮ್ಮೂರಿನ ಹೆಸರನ್ನೇ ಹೊತ್ತ ಗಲಗಲಿ ಅವ್ವ ಎಂಬ ಹರಿದಾಸಿ ಸುಮಾರು ಮುನ್ನೂರು ವರ್ಷಗಳ ಹಿಂದೆ ಹಾಡು ಕಟ್ಟಿದವಳು. ಅವಳ ಹಾಡುಗಳು ಉಳಿದುಬಂದದ್ದು ಬಹುಮಟ್ಟಿಗೆ ಹೆಂಗಸರ ಬಾಯಿಯಲ್ಲಿ. ಇದನ್ನು ನಾನು ಮಕ್ಕಳಿಗೆ ಅಭಿಮಾನದಿಂದ ಹೇಳುತ್ತೇನೆ. ಹೆಂಗಸರ ಬಾಯಿಯ ಮಾತೂ ಇತಿಹಾಸಕ್ಕೆ ಆಕರ ಎನ್ನುತ್ತೇನೆ. ಹಿಂದಿನ ಸೀಟಿನಲ್ಲಿ ಮಲಗಿ ಎಲ್ಲವನ್ನೂ ಕಂಡಿದ್ದ ನನ್ನ ಅವ್ವನನ್ನು ಮಾತ್ರ ಕೇಳಬೇಕೆಂದು ನನಗೆ ತಿಳಿಯಲಿಲ್ಲ. ಅಪ್ಪ ಹೇಳಿದ ಕಥೆಯಲ್ಲಿ ಅಪ್ಪನಿದ್ದ, ಕಾರಿತ್ತು, ಹುಟ್ಟಿದ ಗಂಡು ಕೂಸಿತ್ತು. ಅವ್ವ ಬರಿಯ ಹೊರೆಯಾಗಿದ್ದಳು, ಎತ್ತುಗಳೂ ಎತ್ತಿನವನೂ ಇರಲೇ ಇಲ್ಲ.

ಇನ್ನು ಬಂಪರನ್ನು ಏನು ಮಾಡುವುದು? ಹಾಗೇ ಬಿಟ್ಟರೆ ಐದಾರು ವರ್ಷದಲ್ಲಿ ತುಕ್ಕು ತಿಂದುಬಿಡುತ್ತದೆ. ಆಗ ಸಾಕ್ಷಿಯೂ ಉಳಿಯುವುದಿಲ್ಲ. ಬಡಿದು ನೆಟ್ಟಗೆ ಮಾಡಿಸಿದರೆ ಹೊಳಪು ಉಳಿಯುತ್ತದೆ, ಸಾಕ್ಷಿ ಹೋಗುತ್ತದೆ. ನಮ್ಮ ಜಿಲ್ಲೆಯ ಐಹೊಳೆಗೆ ಮಕ್ಕಳನ್ನು ಕರೆದೊಯ್ದಾಗಲೆಲ್ಲ ನಾನು ಲಾಡಖಾನ್ ಗುಡಿಯ ಮುಂದೆ ನಿಲ್ಲಿಸಿ ಆ ಹೆಸರಿನ ಬಗ್ಗೆ ಹೇಳುತ್ತೇನೆ. ಚಾಲುಕ್ಯರ ಕಾಲದ ಗುಡಿಗೆ ಆ ಹೆಸರು ಬಂದದ್ದು ಎಷ್ಟೋ ಶತಮಾನಗಳ ಮೇಲೆ ಅದರಲ್ಲಿ ವಾಸವಾಗಿದ್ದ ಒಬ್ಬ ಮನುಷ್ಯನಿಂದ. ಪುರಾತತ್ವದವರು ಗುಡಿಯನ್ನು ರಿಪೇರಿ ಮಾಡಿದರು, ಹೆಸರನ್ನು ಅಳಿಸಲಿಲ್ಲ. ಹಳೆಯ ಕಂಬ ಬಿದ್ದುಹೋದ ಕಡೆ ಹೊಸ ಕಲ್ಲು ನಿಲ್ಲಿಸುವಾಗ ಅದರ ಮೇಲೆ ಹಳ��ಯದರ ಹಾಗೆ ಕೆತ್ತನೆ ಮಾಡಿಸುವುದಿಲ್ಲ, ಯಾವುದು ಹೊಸದೆಂದು ನೋಡುವವರಿಗೆ ತಿಳಿಯಲೆಂದು. ಕೇಡು ನಿಲ್ಲಿಸಬೇಕು, ನಡೆದದ್ದನ್ನು ಅಳಿಸಬಾರದು. ಕಲ್ಲಿಗೆ ಸಲ್ಲುವ ಈ ನೀತಿ ಉಕ್ಕಿಗೂ ಸಲ್ಲಬೇಕೆಂದು ನಾನು ವಾದಿಸಿದೆ.

ತಮ್ಮ ಎರಡು ದಿನ ಮಾತಾಡಲಿಲ್ಲ. ಅವನ ಸಂಕಟ ನನಗೆ ತಿಳಿಯುತ್ತಿತ್ತು. ಅವನ ಜಾತಕವೇ ಸುಳ್ಳಾಗಿತ್ತು, ಮೇಲಾಗಿ ಆ ಎರಡು ಗುಂಟೆಯನ್ನು ಉಳುತ್ತಿರುವವನು ಅವನೇ. ಮೂರನೆಯ ದಿನ ತಾನೇ ಮಿಸ್ತ್ರಿಗೆ ಫೋನ್ ಮಾಡಿ, “ತುಕ್ಕ ತಗೀರಿ, ಪ್ಲೇಟಿಂಗ್ ಮಾಡ್ರಿ. ಸೊಟ್ಟ ಹಂಗ ಇರ್ಲಿ” ಎಂದ. “ಸೊಟ್ಟ ಬಂಪರಿಗೆ ಯಾಕ್ರಿ ಇಷ್ಟ ರೊಕ್ಕಾ ಹಾಕ್ತೀರಿ?” ಎಂದು ಅವರು ಗೊಣಗಿದರಂತೆ.

ಕಾರ ಹುಣ್ಣಿವೆಗೆ ಎರಡು ದಿನ ಮೊದಲು ಬಂಪರು ಬಂತು. ಹೊಳಪು ಎಷ್ಟಿತ್ತೆಂದರೆ ಮುಖ ಕಾಣುತ್ತಿತ್ತು. ಎಡತುದಿಗೆ ಬಂದರೆ ಮುಖ ಸೊಟ್ಟಗೆ ಕಾಣುತ್ತಿತ್ತು. ಹಬ್ಬದ ದಿನ ತಮ್ಮ ಕಾರು ತೊಳೆದು ಅಪ್ಪನಂತೆಯೇ ಕೊಂಬುಗಳಿಗೆ ಹುರಮಂಜು ಇಟ್ಟ. ಸಂಜೆ ಅವ್ವ ಬುಟ್ಟಿಯಲ್ಲಿ ಹೋಳಿಗೆ ತುಂಬಿ ನಮ್ಮಿಬ್ಬರನ್ನೂ ಬದುವಿನಾಚೆಯ ಮನೆಗೆ ಕಳಿಸಿದಳು. ಆ ಹಿರಿಯ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಅವರ ಮಗ ಇದ್ದರು. ದಂದಕ್ಕಿ ಬರಿದಾಗಿತ್ತು, ಅಂಗಳದಲ್ಲಿ ಟ್ರ್ಯಾಕ್ಟರು ನಿಂತಿತ್ತು, ಅದರ ಬಾನೆಟ್ಟಿಗೂ ಹಬ್ಬದ ಹೂಮಾಲೆ ಹಾಕಿದ್ದರು.

ತಮ್ಮ ಹೇಗೆ ಶುರು ಮಾಡುವುದೆಂದು ತಿಳಿಯದೆ, “ನಿಮ್ಮ ಅಪ್ಪಾರ ಎತ್ತ ಜಗ್ಗಿದ್ದಕ್ಕ ನಾ ಹುಟ್ಟೀನ್ರಿ ಅಣ್ಣಾರ” ಎಂದುಬಿಟ್ಟ.

ಅವರು ನಕ್ಕರು. “ಗೊತ್ತೈತೊ ತಮ್ಮಾ. ನಮ್ಮಪ್ಪ ಸಾಯೂತನಕಾ ಹೇಳತಿದ್ದ. ಎರಡ ಹೊಸಾ ಹಗ್ಗ ಹರದಾವು, ಗೌಡ ರೊಕ್ಕಾ ಕೊಡಲಿಲ್ಲ ಅಂತ.”

ನಮ್ಮ ಮನೆಯಲ್ಲಿ ಇಲ್ಲದ ಇತಿಹಾಸ ಬದುವಿನಾಚೆ ಹಗ್ಗದ ಲೆಕ್ಕದೊಂದಿಗೆ ಜೋಪಾನವಾಗಿ ಉಳಿದಿತ್ತು. ಎಲ್ಲರೂ ನಕ್ಕೆವು, ಚಹಾ ಕುಡಿದೆವು. ಬದುವಿನ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಶಾಲೆ ಶುರುವಾಗಿ ‘ಆಕರಗಳು’ ಪಾಠ ಬಂದಾಗ ಬಂಪರಿನ ಹಳೆಯ ಫೋಟೋ ಹಿಡಿದು, ಇಷ್ಟು ವರ್ಷ ನಾನು ತಪ್ಪು ಹೇಳಿದ್ದೆನೆಂದು ಮಕ್ಕಳ ಮುಂದೆ ಒಪ್ಪಿಕೊಂಡೆ. ಚಕ್ಕಡಿಗೆ ಹೊಡೆದರೆ ಬಂಪರು ಯಾವ ಕಡೆ ಬಾಗಬೇಕು ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಟ್ರ್ಯಾಕ್ಟರ್ ಓಡಿಸುವವನ ಮಗಳು, ಕೂಡಲೇ ಎದ್ದು ನಿಂತು, “ಒಳಗಡೆ ರೀ ಬಾಯಾರ. ಇದು ಜಗ್ಗಿದ್ದೈತಿ” ಎಂದಳು. ಇಷ್ಟು ವರ್ಷ ಯಾರೂ ಯಾಕೆ ಹೇಳಲಿಲ್ಲ ಎಂದು ಕೇಳಬೇಕೆಂದುಕೊಂಡೆ. ಅವ್ವನ ಉತ್ತರ ನೆನಪಾಗಿ ಸುಮ್ಮನಾದೆ.

ತಮ್ಮ ಆ ಕಾರಿಗೆ ವಿಂಟೇಜ್ ನಂಬರ್ ಪಡೆಯುವ ಕಾಗದಗಳನ್ನು ಕೂಡಿಸುತ್ತಿದ್ದಾನೆ. ಅದರ ಜೊತೆಗೆ ಇನ್ನೊಂದು ಅರ್ಜಿಯನ್ನೂ ಬರೆದುಕೊಡು ಎಂದು ಹೋದ ವಾರ ನನ್ನ ಬಳಿಗೆ ಬಂದಿದ್ದ. ಬದುವಿನ ಮೋಜಣಿಗೆ ಕೊಡುವ ಅರ್ಜಿ ಅದು. ಬರೆದುಕೊಟ್ಟೆ.